ದುಂಡಪ್ಪನ ಜೀಪಿನ ಕೆಂಪು ನೀರು

"ಸ್ವಾಮಿ, ಅವನು ಹಾಡಲು ಕೂತರೆ ನನ್ನ ಎದೆ ಉರಿಯುತ್ತದೆ. ಏನು ಮಾಡಲಿ?"

ಕೇಳಿದವನು ಶಿಷ್ಯ ನಿರ್ವಾಣಿ. ಮಠದಲ್ಲಿ ಅವನ ಜೊತೆಗೇ ಕಲಿಯುತ್ತಿದ್ದ ಇನ್ನೊಬ್ಬ ಶಿಷ್ಯನ ಬಗ್ಗೆ ಆ ಮಾತು. ಆ ಉರಿ ಆರಿಸಲು ನಿರ್ವಾಣಿ ಉಪವಾಸ ಮಾಡಿದ್ದ, ನಸುಕಿನಲ್ಲೆದ್ದು ತಣ್ಣೀರು ಸುರಿದುಕೊಂಡಿದ್ದ. ಉರಿ ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಬೆಟ್ಟದ ಬುಡದಲ್ಲಿ ಒಂದು ಊರು. ಸಂತೆ, ಆಸ್ಪತ್ರೆ ಎರಡೂ ಬೆಟ್ಟದ ಮೇಲಿನ ಪೇಟೆಯಲ್ಲಿ. ಜನರನ್ನು ಮೇಲಕ್ಕೆ ಕರೆದೊಯ್ಯಲು ಊರಿನಲ್ಲಿ ಎರಡೇ ಜೀಪು. ಒಂದು ದುಂಡಪ್ಪನದು, ಇನ್ನೊಂದು ಅವನ ಷಡ್ಡಕ ಅಡಿವೆಪ್ಪನದು. ಒಂದೇ ಮನೆಯ ತಂಗಿಯನ್ನು ದುಂಡಪ್ಪ, ಅಕ್ಕನನ್ನು ಅಡಿವೆಪ್ಪ ಮದುವೆಯಾಗಿದ್ದರು. ಹರಾಜಿನಲ್ಲಿ ಎರಡು ಹಳೆಯ ಜೀಪು ಹಿಡಿದು ಅಳಿಯಂದಿರಿಗೆ ಕೊಟ್ಟವನು ಮಾವ. ಮೊದಲು ಆರಿಸಿಕೊಂಡವನು ದುಂಡಪ್ಪನೇ. ಬಣ್ಣ ಹೊಳೆಯುತ್ತಿದ್ದುದನ್ನು ಆರಿಸಿಕೊಂಡ.

ಆ ಜೀಪು ಅರ್ಧ ಬೆಟ್ಟ ಏರುವಷ್ಟರಲ್ಲಿ ಕುದಿಯುತ್ತಿತ್ತು. ಜನ ಇಳಿದು ರಸ್ತೆಯ ಬದಿಗೆ ಕೂರುತ್ತಿದ್ದರು. ದುಂಡಪ್ಪ ಹಬೆ ಇಳಿಯುವವರೆಗೆ ಕಾದು, ರೇಡಿಯೇಟರಿಗೆ ಕ್ಯಾನಿನ ನೀರು ಹೊಯ್ಯುತ್ತಿದ್ದ. ಅಷ್ಟರಲ್ಲಿ ಅಡಿವೆಪ್ಪನ ಜೀಪು ಬರುತ್ತಿತ್ತು. ಅದು ಎಂದೂ ಕುದಿಯುತ್ತಿರಲಿಲ್ಲ. ಅಡಿವೆಪ್ಪ ಹಾಗೇ ದಾಟಿ ಹೋಗಿದ್ದರೆ ದುಂಡಪ್ಪ ಹೇಗೋ ತಡೆದುಕೊಳ್ಳುತ್ತಿದ್ದ. ಆದರೆ ಅವನು ನಿಲ್ಲಿಸಿ, "ನೀರು ಬೇಕೇನು?" ಎಂದು ಕೇಳುತ್ತಿದ್ದ. ದುಂಡಪ್ಪ ಬೇಡ ಎನ್ನುತ್ತಿದ್ದ. ಅವನ ಜನ ಒಬ್ಬೊಬ್ಬರಾಗಿ ಎದ್ದು ಆ ಜೀಪು ಹತ್ತುತ್ತಿದ್ದರು.

ಒಳ್ಳೆಯ ಜೀಪನ್ನು ಮಾವ ಹಿರಿಯ ಅಳಿಯನಿಗೇ ಇಟ್ಟ ಎಂದು ದುಂಡಪ್ಪ ಹೇಳಿಕೊಂಡು ತಿರುಗಿದ. ಹೇಳಿ ಹೇಳಿ ತಾನೇ ನಂಬಿದ. ಹೊಸ ಹಾರ್ನ್ ಹಾಕಿಸಿದ, ಸೀಟಿಗೆ ಹೊಸ ಹೊದಿಕೆ ಹೊಲಿಸಿದ. ನೀರಿನ ಕ್ಯಾನು ಇನ್ನೊಂದು ಕಟ್ಟಿಕೊಂಡ. ಜೀಪು ಕುದಿಯುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಅವನ ಮಗಳಿಗೆ ಜ್ವರ ಏರಿತು. ಅವನು ಜೀಪು ಚಾಲೂ ಮಾಡಿ ಬಾಗಿಲಿಗೆ ತಂದ. ಹೆಂಡತಿ ಬಾಳವ್ವ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಜೀಪು ಹತ್ತಲಿಲ್ಲ.

"ಕೂಸಿನ ಮೈ ಕೆಂಡ ಆಗೈತಿ. ದಾರಿಯಾಗ ನಿಂತ್ರ ನಾ ಏನ್ ಮಾಡ್ಲಿ? ಅಕ್ಕನ ಗಂಡನ ಜೀಪಿನಾಗ ಹೋಗ್ತೀನಿ" ಎಂದಳು.

ಅವಳು ಅಡಿವೆಪ್ಪನ ಮನೆಯತ್ತ ನಡೆದಳು. ದುಂಡಪ್ಪ ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಹಿಂದೆ ಓಡಿ ಹೋಗಿ ತಾನೂ ಆ ಜೀಪು ಹತ್ತಬಹುದಿತ್ತು. ಹತ್ತಲು ಮನಸ್ಸು ಬರಲಿಲ್ಲ.

ಮಗುವಿನ ಜ್ವರ ಇಳಿಯಿತು. ಅವನದು ಇಳಿಯಲಿಲ್ಲ. ಒಂದು ಮಧ್ಯಾಹ್ನ ಅಡಿವೆಪ್ಪ ಮನೆಯಲ್ಲಿ ಇಲ್ಲದ ಹೊತ್ತು ನೋಡಿ, ದುಂಡಪ್ಪ ಮುಷ್ಟಿ ತುಂಬ ಮರಳು ಹಿಡಿದು ಅವನ ಜೀಪಿನ ಬಳಿ ಹೋದ. ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಒಳಗೆ ನೋಡಿದ.

ನೀರು ತಿಳಿಯಾಗಿತ್ತು. ಒಳಗಿನ ಕೊಳವೆಗಳ ಬಾಯಿ ಒಂದೊಂದಾಗಿ ಕಾಣುತ್ತಿತ್ತು. ತನ್ನ ಜೀಪಿನೊಳಗೆ ಇಷ್ಟು ವರ್ಷ ನೀರು ಹೊಯ್ದವನು, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಅವನು ಮುಚ್ಚಳ ಬಿಗಿದು, ಮರಳನ್ನು ದಾರಿಗೆ ಚೆಲ್ಲಿ ಮನೆಗೆ ಬಂದ.

ಬಂದವನೇ ತನ್ನ ಜೀಪಿನ ಅಡಿಗೆ ಮಲಗಿ ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದ. ನೀರು ಬರಲಿಲ್ಲ. ತಂತಿ ಹಾಕಿ ಕೆದಕಿದ. ಆಮೇಲೆ ಬಂತು, ಇಟ್ಟಿಗೆ ಕಲಸಿದ ಹಾಗೆ ಕೆಂಪಗೆ. ಸೋಡಾ ಬೆರೆಸಿದ ನೀರು ತುಂಬಿ ಇಂಜಿನ್ ಓಡಿಸಿದ, ಆರಿದ ಮೇಲೆ ಆ ನೀರನ್ನು ಹೊರಗೆ ಬಿಟ್ಟ. ಮತ್ತೆ ತುಂಬಿದ, ಮತ್ತೆ ಬಿಟ್ಟ. ಕೆಳಗಿನಿಂದ ಪೈಪು ಹಚ್ಚಿ ನೀರನ್ನು ಮೇಲಕ್ಕೆ ಹಾಯಿಸಿದ. ತುಕ್ಕಿನ ಹಕ್ಕಳೆಗಳು ಕಿತ್ತು ಬಂದವು. ಅಂಗಳ ಕೆಂಪಾಯಿತು.

ಬಾಳವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. "ಇಷ್ಟೂ ಒಳಗ ಇತ್ತೇನು?"

"ಇತ್ತು" ಎಂದ ದುಂಡಪ್ಪ.

ಸಂಜೆಗೆ ನೀರು ತಿಳಿಯಾಯಿತು. ಆದರೆ ರೇಡಿಯೇಟರ್ ಅಲ್ಲಲ್ಲಿ ಜಿನುಗತೊಡಗಿತು. ಹಳೆಯ ತೂತುಗಳನ್ನು ಇಷ್ಟು ದಿನ ತುಕ್ಕೇ ಮುಚ್ಚಿಕೊಂಡಿತ್ತು. ಅರಿಶಿನ ಪುಡಿ ಹಾಕಿದರೆ ಸೋರುವುದು ನಿಲ್ಲುತ್ತದೆಂದು ಚಾಲಕರು ಹೇಳುವುದನ್ನು ಅವನು ಕೇಳಿದ್ದ. ಒಳಗೆ ಹೋಗಿ ಡಬ್ಬಿ ತಂದ. ತುಸು ಹೊತ್ತು ಕೈಯಲ್ಲಿ ಹಿಡಿದು ನಿಂತ. ಆಮೇಲೆ ಅದನ್ನು ಹೆಂಡತಿಯ ಕೈಗೆ ಕೊಟ್ಟು, ರೇಡಿಯೇಟರ್ ಬಿಚ್ಚಿ ಇಳಿಸಿದ.

ಬೆಸುಗೆ ಹಾಕುವವನು ಇದ್ದದ್ದು ಬೆಟ್ಟದ ಮೇಲಿನ ಪೇಟೆಯಲ್ಲಿ. ಮರುದಿನ ದುಂಡಪ್ಪ ರೇಡಿಯೇಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಅಡಿವೆಪ್ಪನ ಪಕ್ಕದಲ್ಲಿ ಕೂತ. ಜೀಪು ಬೆಟ್ಟ ಏರಿತು. ತಾನು ನಿಲ್ಲುತ್ತಿದ್ದ ತಿರುವು ದಾಟಿದ ಮೇಲೆ ದುಂಡಪ್ಪ ಬಾಯಿ ಬಿಟ್ಟ.

"ನೀ ಏನ್ ಹಾಕ್ತಿ ಇದಕ್ಕ?"

"ಬಾವಿ ನೀರು ಸವಳು, ಉಪ್ಪಿಗೆ ತುಕ್ಕು ಹಿಡೀತೈತಿ, ಅದನ್ನ ಹಾಕಬ್ಯಾಡ. ಮಳಿ ನೀರು ಹಿಡಿದಿಟ್ಟು ಕೂಲೆಂಟ್ ಬೆರಸ್ತೀನಿ. ವರ್ಷಾ ಒಮ್ಮೆ ಎಲ್ಲಾ ಬಿಟ್ಟು ತೊಳೀತೀನಿ" ಎಂದ ಅಡಿವೆಪ್ಪ. ಸ್ವಲ್ಪ ತಡೆದು, "ನೀ ಕೇಳಿದ್ರ ಅವತ್ತ ಹೇಳ್ತಿದ್ದೆ" ಎಂದ.

ದುಂಡಪ್ಪ ಮರಳಿನ ಮಾತನ್ನೂ ಹೇಳಿಬಿಟ್ಟ. ಅಡಿವೆಪ್ಪ ಪೇಟೆಯವರೆಗೆ ಜೀಪು ಜೋರಾಗಿ ಓಡಿಸಿದ. ಅವನನ್ನು ಬೆಸುಗೆಯವನ ಅಂಗಡಿಯ ಮುಂದೆ ಇಳಿಸಿ, ಕಾಯದೆ ಹೊರಟುಹೋದ. ಬೆಸುಗೆ ಮುಗಿದ ಮೇಲೆ ದುಂಡಪ್ಪ ರೇಡಿಯೇಟರನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಇಳಿದ. ಅಡಿವೆಪ್ಪ ಅವನೊಂದಿಗೆ ಮತ್ತೆ ಮಾತಾಡಲು ಬಹಳ ದಿನ ಹಿಡಿಯಿತು.

ಜೀಪು ಮಾತ್ರ ಮುಂದಿನ ಸಂತೆಯ ದಿನ ಎಲ್ಲೂ ನಿಲ್ಲದೆ ಬೆಟ್ಟ ಹತ್ತಿತು. ಬಾಳವ್ವ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಿ ಕೇಳಿದ: "ಹಾಗಾದರೆ ನಾನು ಇನ್ನೂ ಯಾವ ವ್ರತ ಹಿಡಿಯಲಿ, ಸ್ವಾಮಿ?"

ಗುರುಗಳು ಹೇಳಿದರು: "ಹೇಗೆ ಹಾಡುತ್ತೀ ಎಂದು ಅವನನ್ನು ಒಮ್ಮೆಯಾದರೂ ಕೇಳಿದ್ದೀಯಾ?"

ನಿರ್ವಾಣಿ ಎದ್ದು ಆ ಶಿಷ್ಯನನ್ನು ಹುಡುಕಿಕೊಂಡು ಹೋದ.