ಎರಡೂ ಫೋನಿನಲ್ಲಿ ಓಡುವ ಆ್ಯಪ್

ಗಂಡು ಗೀಜಗವೊಂದು ಮಾಗಿದ ಭತ್ತ ಎಲ್ಲಿದೆಯೆಂದು ತೋರಿಸುವ ಆ್ಯಪ್ ಮಾಡಲು ಹೊರಟಿತು. ಒಮ್ಮೆ ಬರೆದರೆ ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಓಡಬೇಕೆಂದು ಅದರ ಹಟ. ಅಂಥ ಆ್ಯಪ್ ಕಟ್ಟಲು ಸಿದ್ಧ ಚೌಕಟ್ಟಾದ ಒಂದು ಫ್ರೇಮ್‌ವರ್ಕ್ ಕಲಿಯತೊಡಗಿತು. ಮೊದಲ ಪಾಠದ 'ನಮಸ್ಕಾರ' ಪರದೆಯ ಮೇಲೆ ಮೂಡಿದ್ದೇ ತಡ, ಮೈನಾ ಬಂದು, "ಅಯ್ಯೋ, ಇನ್ನೂ ಅದರಲ್ಲೇ ಇದ್ದೀಯಾ? ಈಗ ಎಲ್ಲರೂ ಬೇರೆಯದನ್ನು ಕಲಿಯುತ್ತಿದ್ದಾರೆ" ಎಂದಿತು. ಗೀಜಗ ಬೇರೆಯದನ್ನು ಹಿಡಿಯಿತು. ಅದರಲ್ಲೂ ನಮಸ್ಕಾರದವರೆಗೆ ಬಂತು, ಮೈನಾವೂ ಬಂತು. ಹೀಗೇ ಗದ್ದೆಗಳೆಲ್ಲ ಕೊಯ್ಲಾದವು.

ಗಂಡು ಹುಡುಕಿಕೊಂಡು ಬಂದ ಹೆಣ್ಣು ಗೀಜಗ ಎರಡೂ ಫೋನು ತೆರೆದು ನೋಡಿ, "ನಮಸ್ಕಾರವೇನೋ ಆಯಿತು. ಭತ್ತ ಎಲ್ಲಿ?" ಎಂದಿತು.

"ಫ್ರೇಮ್‌ವರ್ಕ್ ಸರಿಯಿರಲಿಲ್ಲ."

ಜಾಲಿ ಮರದ ತುಂಬ ಗಂಡು ಅರ್ಧಕ್ಕೇ ಬಿಟ್ಟ ಗೂಡುಗಳು ನೇತಾಡುತ್ತಿದ್ದವು. ಹೆಣ್ಣು ಅವನ್ನು ನೋಡಿ, "ಇವಕ್ಕೂ ಫ್ರೇಮ್‌ವರ್ಕ್ ಸರಿಯಿರಲಿಲ್ಲವೇ, ಸ್ವಾಮಿ?" ಎನ್ನುತ್ತ ಪಕ್ಕದ ಮರಕ್ಕೆ ಹಾರಿತು.