ಹೊಕ್ಕುಳಿಗೆ ಹಚ್ಚಿದ ಬೂದಿ

"ಗುರುಗಳೇ, ತಪ್ಪನ್ನು ಬಿಟ್ಟವನಿಗೆ ನೆಮ್ಮದಿ ಸಿಗಬೇಕಲ್ಲವೇ?" ಎಂದು ಶಿಷ್ಯ ಕೇಳಿದ. "ನಾನೊಂದು ತಪ್ಪನ್ನು ಬಿಟ್ಟು ವರ್ಷವಾಯಿತು. ಮಾಡುತ್ತಿದ್ದಾಗ ಹಾಯಾಗಿ ನಿದ್ದೆ ಬರುತ್ತಿತ್ತು. ಬಿಟ್ಟ ಮೇಲೆ ಮನಸ್ಸು ಸುಡುತ್ತಿದೆ. ಹೀಗೇಕೆ?"

ಯಾವ ತಪ್ಪು ಎಂದು ಗುರು ಕೇಳಲಿಲ್ಲ. ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅವಳ ತಾಯಿಯೂ ಸೂಲಗಿತ್ತಿ, ತಾಯಿಯ ತಾಯಿಯೂ ಸೂಲಗಿತ್ತಿ. ಸುತ್ತಲಿನ ಮೂರೂರಿಗೆ ಅವಳೇ ದಿಕ್ಕು. ಅಡ್ಡ ತಿರುಗಿದ ಕೂಸನ್ನು ಹೊಟ್ಟೆಯ ಮೇಲಿಂದಲೇ ನೀವಿ ನೇರ ಮಾಡುವಳು. ಹೆರಿಗೆಯ ಮನೆಯಲ್ಲಿ ಗಂಡಸರು ಗಲಾಟೆ ಮಾಡಿದರೆ ಗದರುವಳು. ಊರ ಗೌಡನೂ ಆ ದಿನ ಅವಳೆದುರು ಮೆತ್ತಗೆ ಮಾತಾಡುವನು. ಅವಳ ಕೈಗುಣ ಒಳ್ಳೆಯದು ಎಂದು ಜನ ಹೇಳುತ್ತಿದ್ದರು. ಜನ ಹೇಳುವುದನ್ನು ಕೇಳಿ ಕೇಳಿ ಅವಳೂ ಅದನ್ನು ನಂಬಿದ್ದಳು.

ಅವಳ ಬಳಿ ಒಂದು ಮಣ್ಣಿನ ಕುಡಿಕೆ ಇತ್ತು. ಅದರ ತುಂಬ ಬೆರಣಿಯ ಬೂದಿ. ಬೆರಣಿಯನ್ನು ಸುಟ್ಟು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಕುಡಿಕೆಗೆ ತುಂಬುವುದನ್ನು ತಾಯಿ ಕಲಿಸಿದ್ದಳು. ಕೂಸು ಹುಟ್ಟಿದ ಮೇಲೆ ಹೊಕ್ಕುಳ ಬಳ್ಳಿಗೆ ದಾರ ಬಿಗಿದು, ಕುದಿನೀರಿನಲ್ಲಿ ಹಾಕಿ ತೆಗೆದ ಕತ್ತಿಯಿಂದ ಕೊಯ್ದು, ಉಳಿದ ತುಂಡಿಗೆ ಆ ಬೂದಿ ಹಚ್ಚುವಳು. ತುಂಡು ಒಣಗಿ ಉದುರುವವರೆಗೆ ದಿನಕ್ಕೆರಡು ಸಲ ಮತ್ತೆ ಬೂದಿ. ಕತ್ತಿಯನ್ನು ಕುದಿನೀರಿಗೆ ಹಾಕು ಎಂದು ಕಲಿಸಿದವಳೂ ಅದೇ ತಾಯಿ. ಒಂದೇ ಬಾಯಿಂದ ಬಂದ ಎರಡು ಮಾತಿನಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ಯಾರು ತಾನೆ ಅನುಮಾನ ಪಡುತ್ತಾರೆ?

ಆ ಊರಿನಲ್ಲಿ ಕೆಲವು ಕೂಸುಗಳು ಎಂಟನೇ ದಿನಕ್ಕೆ ಸಾಯುತ್ತಿದ್ದವು. ಏಳು ದಿನ ಚೆನ್ನಾಗಿ ಮೊಲೆ ಚೀಪಿದ ಕೂಸು ಎಂಟನೇ ದಿನ ಬಾಯಿ ಬಿಡುತ್ತಿರಲಿಲ್ಲ. ದವಡೆ ಕಚ್ಚಿಕೊಳ್ಳುತ್ತಿತ್ತು, ಮೈ ಬಿಲ್ಲಿನಂತೆ ಬಾಗುತ್ತಿತ್ತು. ಊರವರು ಅದನ್ನು ಎಂಟರ ಗಾಳಿ ಎಂದರು. ಬಾಗಿಲಿಗೆ ಬೇವು ಕಟ್ಟಿದರು, ಬಾಣಂತಿಯ ತಲೆದಿಂಬಿನ ಕೆಳಗೆ ಕುಡುಗೋಲು ಇಟ್ಟರು. ಗಾಳಿ ಅವನ್ನೆಲ್ಲ ದಾಟಿ ಒಳಗೆ ಬರುತ್ತಿತ್ತು. ಆಗ ಸೂಲಗಿತ್ತಿ ಹೆತ್ತವಳ ಪಕ್ಕದಲ್ಲಿ ಕುಳಿತು ಅಳುವಳು. "ಅದರ ಋಣ ಇಷ್ಟೇ ಕಣವ್ವ" ಎನ್ನುವಳು. ಆ ಅಳು ಸುಳ್ಳಲ್ಲ. ಮುಂದಿನ ಕೂಸಿಗೆ ಬೂದಿಯನ್ನು ಇನ್ನಷ್ಟು ಒತ್ತಿ ಹಚ್ಚುವಳು.

ಅವಳ ಸ್ವಂತ ಮಗಳ ಚೊಚ್ಚಲ ಕೂಸೂ ಹೀಗೇ ಹೋಯಿತು. ಹೆರಿಗೆಗೆಂದು ತವರಿಗೆ ಬಂದ ಮಗಳು ಬರಿ ಮಡಿಲಲ್ಲಿ ಗಂಡನ ಊರಿಗೆ ಹೊರಟಳು. ಆಮೇಲೆ ಹತ್ತು ವರ್ಷ ಅವಳಿಗೆ ಬಸಿರು ನಿಲ್ಲಲಿಲ್ಲ. ಆದರೂ ಬಂದಾಗಲೆಲ್ಲ ಅವಳೇ ತಾಯಿಯ ಕಣ್ಣೊರೆಸುತ್ತಿದ್ದಳು. "ಗಾಳಿಗೆ ನೀನೇನ್ ಮಾಡ್ತೀಯ ಅವ್ವ" ಎನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆ ಸೂಲಗಿತ್ತಿ ಬದುಕುತ್ತಿದ್ದಳು.

ಒಮ್ಮೆ ಊರ ಹೊರಗೆ ಕಲ್ಲು ಒಡೆಯುವವರ ಗುಂಪೊಂದು ಬಂದು ಬಿಡಾರ ಹೂಡಿತು. ಅಲ್ಲಿ ಒಬ್ಬಳ ಹೊಟ್ಟೆಯಲ್ಲಿ ಕೂಸು ಅಡ್ಡವಾಗಿ ಸೂಲಗಿತ್ತಿಗೆ ಕರೆ ಬಂತು. ಅವಳು ಹೋಗಿ, ಕೂಸನ್ನು ತಿರುಗಿಸಿ, ತಾಯಿ ಮಗು ಇಬ್ಬರನ್ನೂ ಉಳಿಸಿದಳು. ಬಳ್ಳಿ ಕೊಯ್ದು ಕುಡಿಕೆಗೆ ಕೈ ಹಾಕಿದಾಗ ಬಿಡಾರದ ಮುದುಕಿಯೊಬ್ಬಳು ಅವಳ ಕೈ ಹಿಡಿದಳು.

"ಏನೂ ಹಚ್ಬ್ಯಾಡ ಕಣಕ್ಕ. ಒಣಗಕ್ ಬಿಡು. ತಾನೇ ಉದುರ್ತದೆ."

"ಹಂಗಾರೆ ಎಂಟರ ಗಾಳಿಗೆ ಏನ್ ಮಾಡ್ತೀರಿ?"

ಮುದುಕಿ ಅವಳ ಮುಖ ನೋಡಿದಳು. "ಅದ್ಯಾವ ಗಾಳಿ?" ಎಂದಳು.

ಸೂಲಗಿತ್ತಿ ಕುಡಿಕೆಯ ಬಾಯಿ ಕಟ್ಟಿಕೊಂಡು ಹೊರಟಳು. ಅಲೆಮಾರಿಗಳಿಗೆ ಏನು ಗೊತ್ತು ಎಂದು ದಾರಿಯುದ್ದಕ್ಕೂ ಗೊಣಗಿದಳು. ಅವರು ಕುಡಿಯುವ ನೀರೇ ಬೇರೆ ಇರಬಹುದು, ಅವರ ದೇವರೇ ಬೇರೆ ಇರಬಹುದು ಎಂದುಕೊಂಡಳು. ಆದರೂ ಒಂಬತ್ತನೇ ದಿನ ಅವಳ ಕಾಲು ಬಿಡಾರದ ಕಡೆಗೇ ನಡೆಯಿತು. ಬಳ್ಳಿಯ ತುಂಡು ಒಣಗಿ ಉದುರಿತ್ತು. ಕೂಸು ಮೊಲೆ ಚೀಪುತ್ತಿತ್ತು. ಹೊರಗೆ ಕಲ್ಲುಗಳ ನಡುವೆ ಮಕ್ಕಳು ಆಡುತ್ತಿದ್ದವು. ಆ ಚಿಕ್ಕ ಬಿಡಾರದಲ್ಲಿ ಅಷ್ಟೊಂದು ಮಕ್ಕಳು ಉಳಿದಿದ್ದವು.

ಮುಂದಿನ ಹೆರಿಗೆ ಊರೊಳಗೆ, ಗಾಣದ ಮನೆಯಲ್ಲಿ. ಬಳ್ಳಿ ಕೊಯ್ದ ಮೇಲೆ ಅವಳು ಕುಡಿಕೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಬೂದಿ ಹಚ್ಚದೆ ಕೂಸು ಸತ್ತರೆ ಊರು ಅವಳಿಗೆ ಛೀಮಾರಿ ಹಾಕುತ್ತದೆ. ಅದಕ್ಕೆ ಅವಳು ಹೆದರಲಿಲ್ಲ. ಹಚ್ಚದೆ ಕೂಸು ಬದುಕಿಬಿಟ್ಟರೆ? ಅವಳು ಹೆದರಿದ್ದು ಅದಕ್ಕೆ.

ಈ ಕೂಸಿಗೆ ಬೂದಿ ಬೇಡ ಎಂದಳು. ಆ ಮನೆಯ ಅಜ್ಜಿ ರೇಗಿದಳು. ಊರಿಗೇ ಒಂದು ದಾರಿಯಾದರೆ ಇವಳಿಗೇ ಒಂದು ದಾರಿ ಎಂದಳು. ವಯಸ್ಸಾಗಿ ಅರಳುಮರಳು ಎಂದಳು. ಸೂಲಗಿತ್ತಿ ಎದುರಾಡಲಿಲ್ಲ. ದಿನವೂ ಬೆಳಗ್ಗೆ ಸಂಜೆ ತಾನೇ ಬಂದು, ಕೈ ತೊಳೆದುಕೊಂಡು, ಒಗೆದ ಬಟ್ಟೆಯಿಂದ ಹೊಕ್ಕುಳ ಸುತ್ತ ಮೆತ್ತಗೆ ಒರೆಸಿ, ಬರಿದಾಗಿ ಬಿಟ್ಟು ಹೋಗುವಳು. ಬೇರೆ ಯಾರೂ ಕೈ ಹಾಕದಂತೆ ಕಾದಳು. ಎಂಟು ಕಳೆಯಿತು. ಕೂಸು ಬದುಕಿತು. ಅದರ ಮುಂದಿನದೂ ಬದುಕಿತು.

ಒಂದು ವರ್ಷವಾಯಿತು. ಮೂರೂರಿನಲ್ಲಿ ಒಂದು ಕೂಸೂ ಎಂಟಕ್ಕೆ ಹೋಗಲಿಲ್ಲ. ಗಾಳಿ ಊರು ಬಿಟ್ಟಿತು ಎಂದು ಜನ ಹಿಗ್ಗಿದರು. ಊರ ಗಡಿ ಕಾಯುವ ಅಮ್ಮನಿಗೆ ಹಣ್ಣುಕಾಯಿ ಮಾಡಿಸಿದರು. ಸೂಲಗಿತ್ತಿಗೆ ಸೀರೆ ಕೊಟ್ಟು, ಎಲ್ಲ ನಿನ್ನ ಕೈಗುಣ ಎಂದರು. ಬೂದಿ ನಿಂತದ್ದನ್ನೂ ಸಾವು ನಿಂತದ್ದನ್ನೂ ಯಾರೂ ಜೊತೆಗಿಟ್ಟು ನೋಡಲಿಲ್ಲ. ನೋಡಿದ್ದರೆ ಹಳೆಯ ಅಳು ಮನೆಮನೆಯಲ್ಲೂ ಹೊಸದಾಗಿ ಶುರುವಾಗುತ್ತಿತ್ತು. ಜನ ಅಷ್ಟು ದಡ್ಡರಲ್ಲ.

ನೋಡಿದವಳು ಸೂಲಗಿತ್ತಿ ಒಬ್ಬಳೇ. ಅವಳು ಆ ಸೀರೆ ಉಡಲಿಲ್ಲ. ಬದುಕಿದ ಒಂದೊಂದು ಕೂಸೂ ಅವಳ ಎದುರು ಸಾಕ್ಷಿಗೆ ನಿಂತಿತು. ಗಾಣದ ಮನೆಯ ಕೂಸು ನಕ್ಕರೆ ಅವಳಿಗೆ ನಗುವ ಮೊದಲೇ ಹೋದ ಕೂಸೊಂದು ನೆನಪಾಗುತ್ತಿತ್ತು. ಆ ಕೂಸುಗಳಿಗೆ ಹೆಸರೂ ಇರಲಿಲ್ಲ. ಹೆಸರಿಡುವುದು ಹನ್ನೊಂದನೇ ದಿನ. ಅವು ಎಂಟಕ್ಕೇ ಹೋದವು. ಮೂಲೆಮನೆಯವಳ ಗಂಡು, ಕುಂಬಾರಗಿತ್ತಿಯ ಹೆಣ್ಣು, ಪೂಜಾರಿಯ ಸೊಸೆಯ ಅವಳಿ ಎಂದು ತಾಯಂದಿರಿಂದಲೇ ಅವನ್ನು ನೆನೆಯಬೇಕಿತ್ತು. ನೆನೆಯುತ್ತ ನೆನೆಯುತ್ತ ಕೊನೆಯ ಒಂದರ ಹತ್ತಿರ ಬಂದು ನಿಲ್ಲುವಳು. ಅದು ಅವಳ ಮಗಳದು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಸತ್ತವು ಎದ್ದು ಬರುತ್ತವೆಯೇ ಎಂದುಕೊಂಡಳು. ಹಾಗೇ ಬಾಯಿ ಮುಚ್ಚಿಕೊಂಡು ಸಾಯಬಹುದಿತ್ತು. ಆದರೆ ಮೊದಲ ಕೂಸು ಹೋದ ಹತ್ತು ವರ್ಷದ ಮೇಲೆ ಮಗಳು ಮತ್ತೆ ಬಸುರಿಯಾಗಿ ತವರಿಗೆ ಬಂದಳು.

ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿ ದಾರ ಬಿಗಿದು, ಬಳ್ಳಿ ಕೊಯ್ದು, ಕೂಸನ್ನು ಒರೆಸಿ ಮಗಳ ಪಕ್ಕದಲ್ಲಿ ಮಲಗಿಸಿದಳು. ಮಗಳು ಕಾದಳು. ತಾಯಿ ಕುಡಿಕೆಯ ಕಡೆ ಹೋಗಲಿಲ್ಲ.

"ಬೂದಿ ಎಲ್ಲವ್ವ?"

"ಬ್ಯಾಡ ಮಗಳೆ."

"ಊರ್ ಮಕ್ಕಳಿಗೆಲ್ಲ ಹಚ್ಚಿದ್ ಕೈ, ನನ್ ಕೂಸಿಗೆ ಹಚ್ಚಕ್ ಆಗಲ್ವಾ? ಇದೂ ಹೋಗ್ಲಿ ಅಂತಾನ?"

ಮಗಳು ಏಳಲಾಗದ ಮೈಯಲ್ಲೇ ಎದ್ದು, ಗೋಡೆ ಹಿಡಿದುಕೊಂಡು ಒಲೆಯ ಕಡೆ ಹೊರಟಳು. ಬೂದಿ ಸೋಸುವುದು ಅವಳಿಗೂ ಬರುತ್ತಿತ್ತು. ತಾಯಿಯೇ ಕಲಿಸಿದ್ದಳು. ಇವತ್ತು ತಡೆದರೆ ನಾಳೆ ಹಚ್ಚುತ್ತಾಳೆ, ಎದುರಿಗೆ ತಡೆದರೆ ಮರೆಯಲ್ಲಿ ಹಚ್ಚುತ್ತಾಳೆ. ಈ ಕೂಸು ಉಳಿಯಬೇಕಾದರೆ ಆ ಕೂಸಿನ ವಿಷಯ ಹೇಳಲೇಬೇಕು. ಹೇಳಿದರೆ ಮಗಳು ತನ್ನವಳಾಗಿ ಉಳಿಯುವುದಿಲ್ಲ.

"ಮೊದಲನೇದಕ್ಕೆ ಹಚ್ಚಿದ್ದೆ" ಎಂದಳು ಸೂಲಗಿತ್ತಿ. "ಅದ್ಕೇ ಹೋಯ್ತು. ಗಾಳಿ ಅಲ್ಲ."

ಮಗಳು ಒಲೆಯ ಮುಂದೆ ನಿಂತಳು. ಹಿಂದಿರುಗಿ ಬಂದು ಕೂಸನ್ನು ಎದೆಗೆಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಅವತ್ತಿನಿಂದ ಅವಳು ಕೂಸನ್ನು ತಾಯಿಯ ಕೈಗೆ ಕೊಡಲಿಲ್ಲ. ಹೊಕ್ಕುಳನ್ನು ತಾನೇ ಒರೆಸಿದಳು, ಏನನ್ನೂ ಹಚ್ಚಲಿಲ್ಲ. ಏಳನೇ ದಿನ ಬಳ್ಳಿಯ ತುಂಡು ಉದುರಿತು. ಎಂಟು ಕಳೆಯಿತು. ಹನ್ನೊಂದಕ್ಕೆ ನೆರೆಯ ಹೆಂಗಸರು ಬಂದು ಕೂಸನ್ನು ತೊಟ್ಟಿಲಿಗೆ ಹಾಕಿದರು. ಸೂಲಗಿತ್ತಿ ತನ್ನದೇ ಮನೆಯ ಹೊಸ್ತಿಲಾಚೆ ಕುಳಿತಿದ್ದಳು. ಮೊಮ್ಮಗಳ ಹೆಸರೇನು ಎಂಬುದು ಒಳಗಿನ ತೊಟ್ಟಿಲ ಹಾಡಿನಿಂದ ಅವಳಿಗೆ ತಿಳಿಯಿತು. ಮೂರನೇ ತಿಂಗಳು ಮಗಳು ಗಂಡನ ಊರಿಗೆ ಹೋದಳು. ಮತ್ತೆ ತವರಿಗೆ ಬರಲಿಲ್ಲ.

ಸೂಲಗಿತ್ತಿ ಆಮೇಲೆ ಮೂಲೆಮನೆಗೆ ಹೋದಳು. ಕುಂಬಾರಗಿತ್ತಿಯ ಮನೆಗೆ ಹೋದಳು. ಒಂದೊಂದೇ ಮನೆಗೆ ಹೋಗಿ ಅದೇ ಮಾತು ಹೇಳಿದಳು. ಕೆಲವರು ಬೈದರು, ಕೆಲವರು ಬಾಗಿಲು ಹಾಕಿಕೊಂಡರು. ಹೆರಿಗೆಗೆ ಮಾತ್ರ ಅವಳನ್ನೇ ಕರೆದರು, ಮಾತಾಡಿಸದೆ ಕರೆದರು. ಸಾಯುವವರೆಗೂ ಅವಳು ಹೋದಳು. ಆ ವರ್ಷಗಳಲ್ಲಿ ಅವಳ ಕೈಯಲ್ಲಿ ಹುಟ್ಟಿದ ಒಂದು ಕೂಸೂ ಎಂಟಕ್ಕೆ ಹೋಗಲಿಲ್ಲ. ಆ ಕುಡಿಕೆಯನ್ನು ಎಸೆಯದೆ, ಮಲಗಿದರೆ ಕಣ್ಣಿಗೆ ಬೀಳುವ ಹಾಗೆ ಗೋಡೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಇನ್ನೂ ಕತೆ ಇದೆ ಎಂದು ಶಿಷ್ಯ ಕಾದ.

"ಅಷ್ಟು ಕೂಸುಗಳನ್ನು ಉಳಿಸಿದಳಲ್ಲ ಗುರುಗಳೇ" ಎಂದ ಶಿಷ್ಯ. "ಕೊನೆಗಾದರೂ ಅವಳಿಗೆ ನೆಮ್ಮದಿ ಸಿಗಬೇಡವೇ?"

ಗುರು ಹೇಳಿದರು: "ನೆಮ್ಮದಿಯೇ ಬೇಕಿದ್ದರೆ ಅವಳು ಬೂದಿ ಹಚ್ಚುತ್ತಲೇ ಇರಬಹುದಿತ್ತು."