ನೀರುಗಂಟಿಯ ಹೆಂಡತಿಯ ಕಣ್ಣು

ಶಿಷ್ಯ ಕೇಳಿದ, “ಗುರುಗಳೇ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದೇ ದೊಡ್ಡ ವಿದ್ಯೆ ಎನ್ನುತ್ತೀರಿ. ಆ ವಿದ್ಯೆ ಬಂದವನಿಗೆ ಇನ್ನೇನು ಬೇಕು?”

ಗುರುಗಳು ಒಂದು ಕಥೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ತೆಗೆಯುವುದು, ಪಾಳಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಕೆರೆಯ ಏರಿಯ ಮೇಲೆ ಒಂದು ಕಡ್ಡಿ ನೆಡುತ್ತಿದ್ದ. ಕಡ್ಡಿಯ ನೆರಳು ಒಂದು ಗೇಣು ಸರಿದರೆ ಒಬ್ಬನ ಪಾಳಿ ಮುಗಿಯಿತು. ಕೈಗೆ ಗಡಿಯಾರ ಕಟ್ಟಿದವರೂ ಆ ನೆರಳನ್ನೇ ಒಪ್ಪುತ್ತಿದ್ದರು.

ಊರಿಗೆ ಒಂದು ಕಟ್ಟಳೆ ಇತ್ತು. ತೂಬು ತೆಗೆದ ಮೇಲೆ, ಕೊನೆಯ ಗದ್ದೆ ನೆನೆಯುವ ತನಕ ನೀರುಗಂಟಿ ಊರ ಗಡಿ ದಾಟಬಾರದು.

ಅವನು ಬೆಳಿಗ್ಗೆ ಎದ್ದು ಕೆರೆಗೆ ಹೋಗುತ್ತಿರಲಿಲ್ಲ. ಮೊದಲು ಕಾಲುವೆಯ ಕೊನೆಗೆ ಹೋಗುತ್ತಿದ್ದ. ಪಾಳಿ ಇರಲಿ ಬಿಡಲಿ, ಅಲ್ಲಿಗೆ ಒಂದಿಷ್ಟು ನೀರು ಜಿನುಗಿ ಬರುತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. ಕೆರೆಯ ಸುದ್ದಿ ಇಲ್ಲಿಗೆ ಬರುತ್ತದೆ ಎನ್ನುತ್ತಿದ್ದ.

ಒಂದು ವರ್ಷ ಆ ನೀರು ಕೆಂಪಗೆ ಕಂಡಿತು. ಆ ಬಯಲೆಲ್ಲ ಕರಿಮಣ್ಣು. ಕೆಂಪುಮಣ್ಣು ಇದ್ದದ್ದು ಕೆರೆಯ ಏರಿಯಲ್ಲಿ ಮಾತ್ರ. ಅವನು ಓಡಿಹೋಗಿ ಪಟೇಲನಿಗೆ ಹೇಳಿದ, “ನೀರು ಏರೀನ ಒಳಗೊಳಗೇ ಕೊರೀತಾ ಇದೆ.”

ಪಟೇಲ ನಕ್ಕ. “ಅಲ್ಲಯ್ಯಾ, ನೀನು ನೋಡಿದ್ದು ಕಾಲುವೆ. ಕೆರೆಯ ಮಾತು ಯಾಕೆ? ಏರಿ ಮೇಲೆ ದಿನಾ ಗಾಡಿ ಹೋಗ್ತವೆ. ಕಲ್ಲಿನ ಹಾಗಿದೆ.”

ನೀರುಗಂಟಿ ಪಟೇಲನ ಬಾಗಿಲಲ್ಲಿ ಕೂತುಬಿಟ್ಟ. ಅನ್ನ ಮುಟ್ಟಲಿಲ್ಲ. ಸಂಜೆಗೆ ಪಟೇಲನಿಗೇ ಬೇಸರವಾಗಿ ಆಳು ಕಳಿಸಿ ಅಗೆಸಿದ. ತೂಬಿನ ಪಕ್ಕದಲ್ಲಿ ತೋಳು ತೂರುವಷ್ಟು ದೊಡ್ಡ ಬಿಲ. ಇನ್ನೆರಡು ದಿನ ಬಿಟ್ಟಿದ್ದರೆ ಊರು ಇರುತ್ತಿರಲಿಲ್ಲ.

ಅಂಥವನಿಗೆ ಒಬ್ಬಳು ಹೆಂಡತಿ ಇದ್ದಳು. ವಯಸ್ಸಾಗುತ್ತ ಅವಳಿಗೆ ಅಕ್ಕಿಯಲ್ಲಿ ಕಲ್ಲು ಕಾಣದಾಯಿತು. ಉಣ್ಣುವಾಗ ಕಲ್ಲು ಸಿಕ್ಕರೆ ಅವನು, “ಒಂದು ಹಲ್ಲಾದರೂ ಉಳಿಸ್ತೀಯೇನೇ?” ಎನ್ನುವನು. “ಹಲ್ಲು ಹೋದ್ರೆ ಗಂಜಿ ಕಾಯಿಸ್ತೀನಿ, ಸುಮ್ನೆ ಉಣ್ಣಿ” ಎನ್ನುವಳು.

ಮುಂದೊಂದು ವರ್ಷ, ತೂಬು ತೆಗೆದ ಎರಡನೆಯ ದಿನ ಊರ ಶಾಲೆಗೆ ಕಣ್ಣಿನ ಡಾಕ್ಟರಮ್ಮ ಬಂದರು. ಅವನು ಹೆಂಡತಿಯನ್ನು ಕರೆದುಕೊಂಡು ಹೋದ. ಡಾಕ್ಟರಮ್ಮ ಕಣ್ಣಿಗೆ ಹನಿ ಬಿಟ್ಟರು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಬೆಳಕು ಹಿಡಿದು, ತುಂಬ ಹೊತ್ತು ನೋಡಿದರು. ಹೊರಗೆ ಬಂದು ಅವನಿಗೆ ಹೇಳಿದರು.

“ಕನ್ನಡಕ ಕೊಡ್ತೀವಿ, ಕಲ್ಲು ಕಾಣುತ್ತೆ. ಆದ್ರೆ ಯಜಮಾನ್ರೇ, ಕಣ್ಣಿನ ಹಿಂದೆ ಕೂದಲಿನಂಥ ರಕ್ತನಾಳ ಇರ್ತವೆ. ಇವರವು ಬಿಗಿದು ಸಣ್ಣಗಾಗಿವೆ. ಒಂದರ ಮೇಲೊಂದು ದಾಟೋ ಕಡೆ ಕೆಳಗಿನದನ್ನು ಅದುಮಿಬಿಟ್ಟಿವೆ. ಕಣ್ಣಲ್ಲಿ ಹೀಗಿದ್ರೆ ಹೃದಯಕ್ಕೂ ತೊಂದರೆ ಇರಬಹುದು. ಈ ವಾರವೇ ಪೇಟೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಬಿಪಿ, ಹೃದಯ ಎರಡೂ ತೋರಿಸಿ.”

ನೀರುಗಂಟಿ ನಕ್ಕ. “ತಾಯೀ, ತೋರಿಸಿದ್ದು ಕಣ್ಣು. ಎದೆಯ ಮಾತು ಯಾಕೆ? ಇವಳು ದಿನಕ್ಕೆರಡು ಸಲ ಏರಿ ಹತ್ತಿ ಇಳೀತಾಳೆ. ಕಲ್ಲಿನ ಹಾಗಿದಾಳೆ.”

ಡಾಕ್ಟರಮ್ಮ ಒಂದು ಚೀಟಿ ಬರೆದುಕೊಟ್ಟರು. ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಹೆಂಡತಿ ಹೇಳಿದಳು, “ಕೊನೆಯ ಗದ್ದೆ ನೆನೀಲಿ ಬಿಡಿ. ಆಮೇಲೆ ಇಬ್ರೂ ಹೋಗೋಣ. ಪೇಟೆ ನೋಡಿದ ಹಾಗೂ ಆಯ್ತು.”

ಮೂರು ದಿನಕ್ಕೆ ಕನ್ನಡಕ ಬಂತು. ಅವಳು ಬುತ್ತಿ ತಂದವಳು ಏರಿಯ ಮೇಲೆ ನಿಂತು ಕನ್ನಡಕ ಹಾಕಿಕೊಂಡಳು. “ಅಯ್ಯೋ ಶಿವನೇ, ನಿಮ್ಮ ಹುಬ್ಬೂ ನರೆತುಹೋಗಿದೆಯಲ್ರೀ! ಯಾವಾಗಿಂದ?” ಎಂದಳು.

“ತಡಿಯೇ, ನೆರಳು ಸರಿದುಹೋಯ್ತು” ಎಂದು ಅವನು ಎದ್ದುಹೋದ.

ಹದಿನೆಂಟನೆಯ ದಿನ ಕೊನೆಯ ಗದ್ದೆಯ ಪಾಳಿ. ಬೆಳಗಾದರೆ ಪೇಟೆಗೆ ಹೋಗುವುದು. ಅವಳು ಒಳ್ಳೆಯ ಸೀರೆ ಒಗೆದು ಒಣಗಹಾಕಿದ್ದಳು. ಮಧ್ಯಾಹ್ನ ಅವನು ಗದ್ದೆಯ ಬಾಯಲ್ಲಿ ನಿಂತಿದ್ದ. ಹರಿಯುತ್ತಿದ್ದ ನೀರು ತಗ್ಗಿತು. ನೋಡುತ್ತಿದ್ದಂತೆ ಎಳೆಯಷ್ಟಾಯಿತು. ಮೇಲೆ ಎಲ್ಲೋ ಏನೋ ಅಡ್ಡ ಬಿದ್ದಿದೆ ಎಂದು ಅವನಿಗೆ ತಿಳಿಯಿತು. ಸನಿಕೆ ಹಿಡಿದು ಕಾಲುವೆಯ ಗುಂಟ ನಡೆದ.

ಅವಳು ಅಡ್ಡ ಬಿದ್ದಿದ್ದಳು. ಬುತ್ತಿಗಂಟು ದಂಡೆಯ ಮೇಲಿತ್ತು. ಕನ್ನಡಕ ಕಣ್ಣಲ್ಲೇ ಇತ್ತು. ನೀರು ಅವಳನ್ನು ಬಳಸಿ ಪಕ್ಕದವರ ಗದ್ದೆಗೆ ಹೋಗುತ್ತಿತ್ತು.

ಮಣ್ಣು ಮಾಡಿ ಬಂದ ಮೇಲೆ ಪಟೇಲ ಅವನ ಪಕ್ಕ ಕೂತ. ನೀರುಗಂಟಿ ಸೊಂಟದಿಂದ ಚೀಟಿ ತೆಗೆದು ತೋರಿಸಿದ. ನೆನೆದು ನೆನೆದು ಅಕ್ಷರ ಹೋಗಿದ್ದವು.

“ಅವತ್ತು ನೀವು ನಕ್ಕಿರಿ, ನಾನು ನಿಮ್ಮ ಬಾಗಿಲಲ್ಲಿ ಕೂತೆ ಪಟೇಲರೇ. ನಾನು ನಕ್ಕಾಗ ಕೂರೋರು ಯಾರೂ ಇರಲಿಲ್ಲ.”

ಆಮೇಲೂ ಅವನು ನೀರು ಬಿಡುತ್ತಿದ್ದ. ಬುತ್ತಿ ತಾನೇ ಕಟ್ಟಿಕೊಂಡು ಬರುತ್ತಿದ್ದ. ಅನ್ನದಲ್ಲಿ ಕಲ್ಲು ಸಿಕ್ಕರೆ ಉಗುಳುತ್ತಿರಲಿಲ್ಲ. ನುಂಗುತ್ತಿದ್ದ.

ಗುರುಗಳು ನಿಲ್ಲಿಸಿದರು.

ಶಿಷ್ಯ ಕೇಳಿದ, “ಅವನಿಗೆ ವಿದ್ಯೆ ಇತ್ತಲ್ಲ, ಗುರುಗಳೇ. ಇಲ್ಲದ್ದು ಏನು?”

ಗುರುಗಳು ಹೇಳಿದರು, “ಕನ್ನಡಕ ಹಾಕಿಕೊಂಡು ಅವಳು ಮೊದಲು ನೋಡಿದ್ದು ಅವನ ಮುಖವನ್ನು, ಅವನು ನೋಡಿದ್ದು ಕಡ್ಡಿಯ ನೆರಳನ್ನು.”